ಬಟ್ಟೆಯ ಮೇಲಿನ ಮೆಟ್ಟಿಲು

ನನ್ನ ಬಾಪ ಉಮರಬ್ಬ ಕಟ್ಟಡದ ನಕ್ಷೆ ತೆಗೆಯುವ ಕೆಲಸದವರು. ಮಂಗಳೂರಿನ ಬಂದರಿನಲ್ಲಿ ನಮ್ಮವರೆಲ್ಲ ಅಕ್ಕಿ, ಒಣಮೀನು ಎಂದು ವ್ಯಾಪಾರ ಮಾಡಿಕೊಂಡಿದ್ದಾಗ ಇವರೊಬ್ಬರು ಕಂಟ್ರಾಕ್ಟರರ ಆಫೀಸಿನ ಮೇಜಿಗೆ ಬಾಗಿ ಗೆರೆ ಎಳೆಯುತ್ತಿದ್ದರು. ಎಂಜಿನಿಯರರು ಕಾಗದದಲ್ಲಿ ಪೆನ್ಸಿಲಿನಿಂದ ಬರೆದದ್ದನ್ನು ಗಂಜಿ ಹಾಕಿದ ತೆಳು ನೀಲಿ ಬಟ್ಟೆಯ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ತೆಗೆಯುವುದು ಅವರ ಕೆಲಸ. ಚಿಕ್ಕಪ್ಪಂದಿರು, "ಗೆರೆ ಮಾರಿ ಹೊಟ್ಟೆ ತುಂಬ್ತದಾ?" ಎಂದು ತಮಾಷೆ ಮಾಡಿದರೆ ಬಾಪ ಸುಮ್ಮನೆ ನಗುತ್ತಿದ್ದರು. ಯಾರು ಏನು ಹೇಳಿದರೂ ನಗುವುದು, ಯಾರು ಏನು ಕೇಳಿದರೂ ಕೊಡುವುದು. ಆ ಗುಣದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲು ಊರಿನ ಕೆಲವು ದೊಡ್ಡ ಕುಳಗಳು ಸೇರಿ, ಊರ ಹೊರಗಿನ ಮುರಕಲ್ಲಿನ ಗುಡ್ಡೆಯ ಮೇಲೆ ಒಂದು ಕಾಲೇಜು ಕಟ್ಟಿಸಲು ಹೊರಟರು. ಆ ಕಾಲೇಜಿನ ಹಾಳೆಗಳನ್ನೆಲ್ಲ ತೆಗೆದವರು ಬಾಪ. ಅದರಲ್ಲಿ ಹೆಣ್ಣುಮಕ್ಕಳಿಗೆಂದು ಕಟ್ಟಡದ ಹಿಂದುಗಡೆ ಬೇರೆಯೇ ಒಂದು ಮೆಟ್ಟಿಲಿತ್ತು. ಎರಡೂ ಬದಿಗೆ ಗೋಡೆ, ಮೇಲೆ ಮಾಡು. ಹತ್ತುವವರ ಕಾಲುಗುರು ಕೂಡ ಗಂಡಸರಿಗೆ ಕಾಣುವಂತಿರಲಿಲ್ಲ.

ನಾನು ಶಾಲೆಯಲ್ಲಿ ಉಳಿದದ್ದು ಆ ಮೆಟ್ಟಿಲಿನಿಂದ. ನಮ್ಮ ಬೀದಿಯಲ್ಲಿ ಹುಡುಗಿ ದೊಡ್ಡವಳಾದರೆ ಶಾಲೆ ಬಿಡಿಸುವುದು ರೂಢಿ. ನನ್ನನ್ನು ಬಿಡಿಸಬೇಕೆಂದು ಉಮ್ಮ ಹಟ ಹಿಡಿದಾಗಲೆಲ್ಲ ಬಾಪ ಆ ಹಾಳೆಯನ್ನು ಚಾಪೆಯ ಮೇಲೆ ಬಿಡಿಸಿ ಬೆರಳಿಟ್ಟು ಉಮ್ಮನಿಗೆ ತೋರಿಸುತ್ತಿದ್ದರು.

"ನೋಡು ಮೈಮೂನಾ, ನಮ್ಮ ಝೈನಬ್ ಗಾಡಿಯಿಂದ ಇಲ್ಲಿ ಇಳಿದು ಇಲ್ಲಿ ಹತ್ತುವುದು. ಯಾರ ಕಣ್ಣಿಗೆ ಬೀಳ್ತಾಳೆ? ಅಲ್ಲಿಯವರೆಗೆ ಶಾಲೆಗೆ ಹೋಗ್ಲಿ."

"ಮೊದಲು ಕಟ್ಲಿ," ಎನ್ನುತ್ತಿದ್ದರು ಉಮ್ಮ. ಆದರೂ ಆ ಗೋಡೆಗಳನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು.

ಯುದ್ಧ ಬಂತು. ಕಬ್ಬಿಣ, ಸಿಮೆಂಟು ಮಿಲಿಟರಿಗೆ ಹೋಯಿತು, ಎಂಜಿನಿಯರರೂ ಹೋದರು. ಆಫೀಸು ಮುಚ್ಚಿತು. ಯುದ್ಧ ಮುಗಿದ ಕೂಡಲೇ ಕೇಳುತ್ತಾರೆಂದು ಬಾಪ ಆ ಹಾಳೆಗಳ ಸುರುಳಿಯನ್ನು ಮನೆಗೆ ತಂದು, ಹಳೆಯ ಲುಂಗಿಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟರು. ಹಜ್‌ಗೆ ಹೋದವರು ತಮ್ಮ ಹೆಣಕ್ಕೆ ಸುತ್ತುವ ಕಫನ್ ಬಟ್ಟೆಯನ್ನು ಮಕ್ಕಾದಿಂದಲೇ ತಂದು, ಸಾಯುವ ದಿನಕ್ಕೆಂದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ನಮ್ಮಲ್ಲಿ ಉಂಟು. ಉಮ್ಮನಿಗೆ ಆ ಸುರುಳಿ ನೋಡಿ ಅದೇ ನೆನಪಾಯಿತು.

"ಎಂತ ಇದು, ಕಫನ್ ಇಟ್ಟ ಹಾಗೆ? ನನಗೆ ಇದರ ಮೇಲೆ ಮಲಗಲಿಕ್ಕೆ ಆಗುವುದಿಲ್ಲ," ಎಂದರು. ಅಂದಿನಿಂದ ಅವರು ನೆಲದ ಮೇಲೆ ಮಲಗತೊಡಗಿದರು.

ಆಮೇಲೆ ಬಟ್ಟೆಯ ಬರ ಬಂತು. ರೇಷನ್ ಅಂಗಡಿಯಲ್ಲಿ ಮದುವೆಗೂ ಬಟ್ಟೆ ಇಲ್ಲ, ಸಾವಿಗೂ ಇಲ್ಲ. ಬಾಪನ ಜೊತೆ ಕೆಲಸ ಮಾಡಿದ್ದ ಅಲೆಕ್ಸ್ ಒಂದು ದಿನ ಬಂದು, ತನ್ನ ಹೆಂಡತಿ ಹಳೆಯ ನಕ್ಷೆಯೊಂದನ್ನು ಕುದಿಸಿ ಮಗುವಿಗೆ ಅಂಗಿ ಹೊಲಿದದ್ದನ್ನು ಹೇಳಿದರು. "ಗಂಜಿ ಬಿಟ್ಟರೆ ಶಾಯಿಯೂ ಬಿಡ್ತದೆ ಮಾರಾಯ. ಒಳಗೆ ಎಂಥ ಚಂದದ ಬಟ್ಟೆ!" ಬಾಗಿಲ ಹಿಂದೆ ನಿಂತಿದ್ದ ಉಮ್ಮ ಆ ಮಾತು ಕೇಳಿಸಿಕೊಂಡರು. ಅವರು ಮಂಚದ ಕೆಳಗೆ ನೋಡಿದ್ದನ್ನು ನಾನು ನೋಡಿದೆ.

ಬಾಪ ಮಾಡಿದ ತಪ್ಪು ಇಷ್ಟೇ: ಪಕ್ಕದ ಮನೆಯ ಬಾಣಂತಿಗೆಂದು ಒಂದು ಹಾಳೆ ಕೊಟ್ಟರು. ಅದೂ ಕಕ್ಕಸಿನ ಹಾಳೆ. "ಕಾಲೇಜಿಗೆ ಕಕ್ಕಸು ಆಮೇಲೆ ಕಟ್ಟಿದರೂ ನಡೀತದೆ," ಎಂದು ನಗಾಡಿದರು. ಕುದಿಯುವ ನೀರಿನಲ್ಲಿ ಗೆರೆಗಳೂ ಗಂಜಿಯ ನೀಲಿಯೂ ಕರಗಿ, ಬಿಳಿ ಬಟ್ಟೆ ಮೇಲೆದ್ದು ಬಂದದ್ದನ್ನು ಬೀದಿಯ ಹೆಂಗಸರೆಲ್ಲ ನಿಂತು ನೋಡಿದರು.

ಮಗುವಿನ ಅಂಗಿಗೆ ಕೊಟ್ಟವರು ಹೆಣಕ್ಕೆ ಇಲ್ಲ ಎನ್ನುವುದು ಹೇಗೆ? ಆ ವರ್ಷ ಬಂದರಿನಲ್ಲಿ ವಾಂತಿಭೇದಿ ಹಬ್ಬಿತ್ತು. ಹಮಾಲಿಯೊಬ್ಬ ಸತ್ತಾಗ ಹಾಸ್ಟೆಲಿನ ಹಾಳೆಗಳು ಹೋದವು. ಒಬ್ಬಳು ಮುದುಕಿಗೆ ಪ್ರಿನ್ಸಿಪಾಲರ ಮನೆ ಹೋಯಿತು. ಬೀದಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಅವರ ಮನೆಯವರು ಹಕೀಮರಲ್ಲಿಗೆ ಹೋಗುವ ದಾರಿಯಲ್ಲೇ ನಮ್ಮ ಬಾಗಿಲಲ್ಲಿ ನಿಂತು, "ಇನ್ನೂ ಉಂಟಲ್ಲ?" ಎಂದು ಕೇಳುವಂತಾಯಿತು. ನನಗೆ ಆ ದನಿಯೇ ಹೆದರಿಕೆ. ಪ್ರತಿ ಸಲ ಸುರುಳಿ ಸಪುರವಾಗುತ್ತಿತ್ತು, ಪ್ರತಿ ಸಲ ನಾನು ಓಡಿ ಹೋಗಿ ಮೆಟ್ಟಿಲಿನ ಹಾಳೆ ಇದೆಯೇ ಎಂದು ನೋಡುತ್ತಿದ್ದೆ.

"ಅದನ್ನು ಮಾತ್ರ ಕೊಡುವುದಿಲ್ಲ ಮಗಳೇ," ಎಂದು ಬಾಪ ಮಾತು ಕೊಟ್ಟಿದ್ದರು. "ಅದು ನಿನ್ನದು." ಅದನ್ನು ಬೇರೆಯಾಗಿ ಮಡಚಿ ನನ್ನ ಪುಸ್ತಕಗಳ ಅಡಿಯಲ್ಲಿ ಇಟ್ಟರು. ಮಡಿಕೆ ಬಿದ್ದರೆ ನಕ್ಷೆ ಕೆಡುತ್ತದೆಂದು ಎಂದೂ ಮಡಚದ ಹಾಳೆಯನ್ನು ಮಡಚಿದಾಗಲೇ ನನಗೆ ಸಂಶಯ ಬರಬೇಕಿತ್ತು. ಕಾಲೇಜಿನ ಆಸೆಯನ್ನು ಅವರು ಆಗಲೇ ಬಿಟ್ಟಿದ್ದರು.

ಹಮಾಲಿಯ ಮೈ ತೊಳೆಯುವಾಗ ನೀರು ಹೊಯ್ದವರು ಬಾಪನೇ. ಬೇಡವೆಂದರೂ ಪ್ರತಿ ಸಾವಿಗೂ ಅವರು ಮುಂದೆ. ಮಳೆ ಶುರುವಾದ ವಾರ ಅವರಿಗೂ ವಾಂತಿ ಹಿಡಿಯಿತು. ಮರುದಿನ ಮಧ್ಯಾಹ್ನದ ಬಾಂಗ್ ಕೂಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಚಿಕ್ಕಪ್ಪ ಬಟ್ಟೆಗೆಂದು ಅಂಗಡಿಗಳಿಗೆಲ್ಲ ಅಲೆದು ಬರಿಗೈಯಲ್ಲಿ ಬಂದರು. ಉಮ್ಮ ಮಂಚದ ಕೆಳಗಿನ ಸುರುಳಿಯನ್ನು ಎಳೆದು, ಉಳಿದದ್ದನ್ನೆಲ್ಲ ಹಂಡೆಗೆ ಹಾಕಿದರು. ಕಾಲೇಜಿನ ಮುಂಬಾಗಿಲು, ದೊಡ್ಡ ಹಾಲ್, ಗಡಿಯಾರದ ಗೋಪುರ ಎಲ್ಲ ಕುದಿಯಿತು. ಹಿಂಡಿ ಚಾಪೆಯ ಮೇಲೆ ಹಾಸಿ ನೋಡಿದರೆ ಕಾಲಿಗೆ ಸಾಲುತ್ತಿರಲಿಲ್ಲ. ಬಾಪ ಎತ್ತರದ ಆಳು.

ಉಮ್ಮ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಜಗಳವಾಡುತ್ತಿದ್ದೆನೋ ಏನೋ. ಅವರು ಚಾಪೆಯ ಕೊನೆಯಲ್ಲಿ ಕುಳಿತು, ಸಾಲದ ಆ ಜಾಗವನ್ನೇ ಅಂಗೈಯಿಂದ ಸವರುತ್ತಿದ್ದರು. ನನಗೆ ನೋಡಲಾಗಲಿಲ್ಲ. ಒಳಗೆ ಹೋಗಿ ಪುಸ್ತಕಗಳನ್ನು ಬದಿಗಿಟ್ಟು ಆ ಹಾಳೆಯನ್ನು ತಂದೆ. ನಾನೇ ಹಂಡೆಗೆ ಹಾಕಿ, ನಾನೇ ಕೋಲಿನಿಂದ ಮುಳುಗಿಸಿದೆ.

ಬೇರೆ ಹಾಳೆಗಳೆಲ್ಲ ಬಿಳಿಯಾಗಿದ್ದವು. ಈ ಹಾಳೆಯ ಮೇಲೆ ಬಾಪ ಮತ್ತೆ ಮತ್ತೆ ಶಾಯಿ ತಿದ್ದಿದ್ದರೋ ಏನೋ, ಮೆಟ್ಟಿಲು ಮಸುಕಾಗಿ ಉಳಿದೇ ಇತ್ತು.

"ಯಾರಾದರೂ ನೋಡಿ ಎಂತ ಹೇಳಿಯಾರು," ಎಂದು ಉಮ್ಮ ಆ ಬದಿಯನ್ನು ಒಳಗೆ ತಿರುಗಿಸಿ ಹಾಸಿದರು.

"ಹೊರಗೆ ಇರ್ಲಿ ಉಮ್ಮ," ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಗಂಡಸರು ಬಂದು ಬಾಪನನ್ನು ಅದರ ಮೇಲೆ ಮಲಗಿಸಿ, ಸುತ್ತಿ, ಕಟ್ಟಿ ಕೊಂಡುಹೋದರು. ಹೆಂಗಸರು ಕಬರಸ್ಥಾನಕ್ಕೆ ಹೋಗುವಂತಿಲ್ಲ, ನಾನು ಬಾಗಿಲಲ್ಲೇ ನಿಂತೆ.

ರಜೆ ಮುಗಿದು ಶಾಲೆ ಮತ್ತೆ ತೆರೆದ ದಿನ ಉಮ್ಮ ನನ್ನನ್ನು ಎಬ್ಬಿಸಲಿಲ್ಲ. ನಾನು ಎಚ್ಚರವಾಗಿಯೇ ಇದ್ದೆ, ಆದರೂ ಏಳಲಿಲ್ಲ.