ಕೂದಲೆಳೆ ಮಾವ ಕೊಂಡ ಯಂತ್ರ

ತಲೆಯ ಮೇಲೆ ಒಂದೇ ಒಂದು ಕೂದಲೂ ಇಲ್ಲದವರಿಗೆ ಕೂದಲೆಳೆ ಮಾವ ಎಂಬ ಹೆಸರು ಹೇಗೆ ಬಂತು ಎಂದು ಹೊಸಬರು ಕೇಳುತ್ತಿದ್ದರು. ಕಾರ್ಖಾನೆಯಲ್ಲಿ ಮಿಲ್ಲಿಂಗ್ ಯಂತ್ರದ ಮುಂದೆ ನಿಂತು ಲೋಹ ಕೆತ್ತುವಾಗ, ಮೇಸ್ತ್ರಿ ಬಂದು "ಸಾಕು ಬಿಡೋ ಮಾರಾಯ" ಎಂದರೂ ಇವರು "ಇನ್ನೊಂದು ಕೂದಲೆಳೆ" ಎನ್ನುತ್ತ ಹಿಡಿಕೆ ತಿರುಗಿಸುತ್ತಲೇ ಇರುತ್ತಿದ್ದರು. ಹಾಗೆ ಅಂಟಿದ ಹೆಸರು, ಕೂದಲು ಉದುರಿದರೂ ಉದುರಲಿಲ್ಲ.

ನಿವೃತ್ತರಾದ ದಿನ ಗೇಟಿನಲ್ಲಿ ಎರಡೂ ಕೈ ಎತ್ತಿ ತೋರಿಸಿದರಂತೆ. "ನೋಡ್ಕೊಳ್ರಪ್ಪಾ, ಹತ್ತು ಬೆರಳು ತಂದಿದ್ದೆ, ಹತ್ತೂ ತಗೊಂಡು ಹೋಗ್ತಿದೀನಿ!" ಆ ಕಸುಬಿನಲ್ಲಿ ಅದೇನು ಸಣ್ಣ ಮಾತಲ್ಲ. ಕೈ ಎತ್ತಲಾಗದವರು ಕೆಲವರು ಅಲ್ಲೇ ನಿಂತಿದ್ದರು.

ಆ ಕೈಗಳಿಗೊಂದು ಅಭ್ಯಾಸವಿತ್ತು. ಅವರದ್ದು ಹಳೆಯ ಕಾಲದ ಯಂತ್ರ. ಗರಗರ ತಿರುಗುವ ಕಟರ್ ಮೇಲೆ, ಲೋಹದ ತುಂಡನ್ನು ಹೊತ್ತ ಮೇಜು ಕೆಳಗೆ. ಬಲಗೈ ಹಿಡಿಕೆ ತಿರುಗಿಸಿದರೆ ಮೇಜು ಜರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಿಂತದ್ದೇ ತಡ, ಎಡಗೈ ತಾನಾಗಿ ಹೋಗಿ ತುಂಡಿನ ಮೇಲಿನ ಲೋಹದ ಚೂರನ್ನೆಲ್ಲ ಗುಡಿಸಿ ಬರುತ್ತಿತ್ತು. ಅದಕ್ಕೆಂದೇ ಇಟ್ಟ ಬ್ರಷ್ಷು ಇಟ್ಟಲ್ಲೇ ಇರುತ್ತಿತ್ತು. ಮಾವ ಅದನ್ನು ಯೋಚಿಸಿ ಮಾಡುತ್ತಿರಲಿಲ್ಲ. ಮುಖದ ಮೇಲಿನ ನೊಣ ಓಡಿಸಲು ಯಾರು ಯೋಚಿಸುತ್ತಾರೆ?

ನಿವೃತ್ತಿಯ ಮೇಲೆ ಮನೆಯ ಹಿಂದಿನ ಕೋಣೆಯಲ್ಲಿ ಅಂಥದ್ದೇ ಯಂತ್ರವಿಟ್ಟುಕೊಂಡು ಅವರು ಹಳೆಯ ಬೀಗಗಳಿಗೆ, ಹೊಲಿಗೆ ಯಂತ್ರಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದರು. ಈಗ ಬೆರಳ ಗಂಟುಗಳು ಊದಿ, ಹಿಡಿಕೆ ತಿರುಗಿಸಿದರೆ ಮೊಣಕೈವರೆಗೂ ನೋವು. ಕೆಲಸ ನಿಂತಿತು. ಕೆಲಸ ನಿಂತ ಮೇಲೆ ಮಾವನಿಗೆ ಊಟವೂ ಬೇಡ, ಮಾತೂ ಬೇಡ. ಕೊನೆಗೊಂದು ದಾರಿ ಕಂಡುಕೊಂಡರು: ಮೇಜಿನ ಮೇಲೆ ಕೂರುವಂಥ ಸಣ್ಣ ಮಿಲ್ಲಿಂಗ್ ಯಂತ್ರ ಕೊಳ್ಳುವುದು, ಹಿಡಿಕೆಗಳ ಜಾಗಕ್ಕೆ ಮೋಟಾರು ಕೂರಿಸುವುದು, ಮೋಟಾರಿನ ಕಿವಿ ಹಿಂಡಲು ಕಂಪ್ಯೂಟರ್ ಇಡುವುದು.

"ತಿರುಗಿಸೋ ಕಷ್ಟ ಅದಕ್ಕಿರ್ಲಿ, ನೋಡೋ ಸುಖ ನನಗಿರ್ಲಿ" ಎಂದರು.

ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ಅತ್ತೆ ಪೆಡಲಿನಿಂದ ಕಾಲು ತೆಗೆದರು. "ರೀ, ಅದಕ್ಕೆ ಕಣ್ಣಿದೆಯಾ?"

"ಕಂಪ್ಯೂಟರ್ ಇರುತ್ತೆ ಕಣೇ."

"ಕಣ್ಣಿದೆಯಾ ಅಂತ ಕೇಳಿದ್ದು."

ಮಾವ ಚಪ್ಪಲಿ ಮೆಟ್ಟಿದರು. ಇಬ್ಬರೂ ಅಂಗಡಿಗೆ ಹೋದರು.

ಅಲ್ಲಿ ಮೊದಲು ಕಂಡದ್ದು ಗುಂಡು ಕಂಬದ ಯಂತ್ರ. ಮಾವ ಅದರ ತಲೆಯನ್ನು ಕಂಬದ ಮೇಲೆ ಎತ್ತಿದರು. ಎತ್ತಿದೊಡನೆ ಅದು ಇತ್ತ ತಿರುಗಿ, ಎಲ್ಲಿ ಕೊರೆಯುತ್ತಿದ್ದೆ ಎಂಬುದನ್ನೇ ಮರೆಯಿತು. "ತಲೆ ಎತ್ತಿದ್ರೆ ದಾರಿ ತಪ್ಪತ್ತೆ. ಅಂಥದ್ದೊಂದು ಮನೇಲಿ ಆಗ್ಲೇ ಇದೆ" ಎಂದರು ಅತ್ತೆ. ಪಕ್ಕದಲ್ಲಿ ಚಪ್ಪಟೆ ಕಂಬದ ಇನ್ನೊಂದಿತ್ತು. ನೆಟ್ಟಗೆ ಏರಿ ನೆಟ್ಟಗೆ ಇಳಿಯುತ್ತಿತ್ತು. ಹಗುರ ಮಾತ್ರ, ಸುತ್ತಲೂ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯ ಬಾಗಿಲಿಗೊಂದು ಸ್ವಿಚ್ಚು. ಬಾಗಿಲು ತೆರೆದರೆ ಎಲ್ಲವೂ ಗಪ್ಪೆಂದು ನಿಲ್ಲುತ್ತದೆ.

"ಇದೇನಯ್ಯಾ, ಮೀನಿನ ತೊಟ್ಟಿನಾ?" ಎಂದು ಮಾವ ಮೂಗು ಮುರಿದರು. ಹಗುರ ಯಂತ್ರ ಉಕ್ಕು ಕಂಡರೆ ಗಡಗಡ ನಡುಗುತ್ತದೆ, ಗೆರೆ ಗೆರೆಯಾಗಿ ಕೆತ್ತುತ್ತದೆ. ಅವರಿಗೆ ಭಾರ ಬೇಕಿತ್ತು.

ಅಂಗಡಿಯವನು ತಗ್ಗಿದ ದನಿಯಲ್ಲಿ ಹೇಳಿದ: "ಭಾರದ್ದೊಂದಿದೆ. ಮೋಟಾರು ಕೂರಿಸಿ ರೆಡಿ ಮಾಡಿರೋದು. ಗಡಿಯಾರ ರಿಪೇರಿಯವರ ಮನೇಲಿ. ಹೋದೋರೆಲ್ಲ ಬರಿಗೈಲಿ ವಾಪಸ್ ಬರ್ತಾರೆ. ಯಾಕೋ ನಂಗೊತ್ತಿಲ್ಲಪ್ಪ."

ಆ ಮನೆಯ ಬಾಗಿಲು ತೆರೆದವರು ರಿಪೇರಿಯವರ ತಂಗಿ. ಗೋಡೆಯ ತುಂಬ ಗಡಿಯಾರ, ಒಂದಕ್ಕೂ ಕೀ ಕೊಟ್ಟಿರಲಿಲ್ಲ. ಒಳಕೋಣೆಯಲ್ಲಿ ಯಂತ್ರ, ಅದರ ಪಕ್ಕ ಕೋಟಿನ ಜೇಬಿಗೆ ಎಡಗೈ ಇಳಿಬಿಟ್ಟ ರಿಪೇರಿಯವರು. ಸೆಕೆಗೆ ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರೂ ಆತ ಕೋಟು ಬಿಚ್ಚಲಿಲ್ಲ.

ಮಾವ ಯಂತ್ರದ ಮೈ ಸವರಿದರು, ಮೇಜನ್ನು ಹಿಡಿದು ಅಲುಗಿಸಿದರು. ಒಂದು ಕೂದಲೆಳೆಯೂ ಸಡಿಲವಿಲ್ಲ. ಅವರ ಮುಖ ಅರಳಿತು.

"ಓಡಿಸಿ ತೋರಿಸ್ತೀರಾ?"

"ಕಟರ್ ಹಾಕಲ್ಲ, ಪೆನ್ ಹಾಕ್ತೀನಿ. ಎಲ್ರಿಗೂ ಹೀಗೇ" ಎಂದು ರಿಪೇರಿಯವರು ಕಟರ್ ಇರಬೇಕಾದಲ್ಲಿ ನೀಲಿ ಮಾರ್ಕರ್ ಸಿಕ್ಕಿಸಿದರು. ತಂಗಿ ಮೇಜಿಗೆ ತಗಡು ಬಿಗಿದರು. ಆಮೇಲೆ ಆತ ಡಬ್ಬದಿಂದ ಒಂದು ಚಿಟಿಕೆ ಹಿತ್ತಾಳೆ ಚೂರು ತೆಗೆದು, ಅಡುಗೆಗೆ ಉಪ್ಪು ಉದುರಿಸುವಂತೆ ತಗಡಿನ ಮೇಲೆ ಉದುರಿಸಿದರು.

"ಅದ್ಯಾಕೆ?" ಎಂದರು ಅತ್ತೆ.

"ನಿಜವಾದ ಕೆಲಸದ ಹಾಗಿರ್ಲಿ ಅಂತಮ್ಮಾ."

ಮೇಜು ತನ್ನಷ್ಟಕ್ಕೆ ಜರುಗಿತು. ಪೆನ್ನು ಗೆರೆ ಎಳೆಯಿತು, ಗೆರೆ ಬಾಗಿತು, ಮೇಜು ನಿಂತಿತು, ಮತ್ತೆ ಹೊರಟಿತು. ತಂಗಿ "ಕಾರ್ಖಾನೇಲಿದ್ದವರಾ ಅಣ್ಣಾ? ಎಷ್ಟು ಕಾಲ ಇದ್ರಿ?" ಎಂದು ಕೇಳಿದರು. ಮಾವನಿಗೆ ಅಷ್ಟು ಸಾಕು. ಮೇಸ್ತ್ರಿ, ಗೇಟು, ಎತ್ತಿದ ಕೈ, ಎಲ್ಲ ಕಥೆಯೂ ಹೊರಬಿತ್ತು. ಅಷ್ಟರಲ್ಲಿ ಯಂತ್ರ ನಿಂತಿತು.

"ಎಡಗೈ ತೋರಿಸಿ" ಎಂದರು ರಿಪೇರಿಯವರು.

ಮಾವ ನಗುತ್ತ ಚಾಚಿದರು. ಮೂರು ಬೆರಳ ಬೆನ್ನಿಗೆ ಅಡ್ಡವಾಗಿ ನೀಲಿ ಗೆರೆ. ಯಂತ್ರ ನಡುವೆ ನಿಂತಾಗ ಕೈ ಚೂರು ಗುಡಿಸಲು ಹೋಗಿತ್ತು. ಮೇಜು ಮತ್ತೆ ಹೊರಟಾಗ ಆ ಕೈಯನ್ನೂ ಹೊತ್ತುಕೊಂಡು ಪೆನ್ನಿನ ಕೆಳಗೆ ಹೋಗಿತ್ತು. ಜಡ್ಡುಗಟ್ಟಿದ ಚರ್ಮಕ್ಕೆ ತಿಳಿದೇ ಇರಲಿಲ್ಲ.

"ಇನ್ನೊಂದು ಸಲ ಓಡಿಸಿ" ಎಂದರು ಮಾವ. ಈ ಸಲ ಕೈಯ ಮೇಲೆ ಕಣ್ಣಿಟ್ಟು ನಿಂತರು. ತಂಗಿ ಏನೂ ಕೇಳಲಿಲ್ಲ, ಬರೀ ಚಹಾ ತಂದರು. ಮಾವ ಲೋಟಕ್ಕಾಗಿ ತಿರುಗಿದರು, ಅಷ್ಟೆ. ಮೊದಲ ಗೆರೆಯ ಪಕ್ಕದಲ್ಲೇ ಎರಡನೆಯದು ಬಿದ್ದಿತ್ತು. ನಡುವೆ ಒಂದು ಕೂದಲೆಳೆ ಅಂತರ.

ಆಗ ರಿಪೇರಿಯವರು ಜೇಬಿನಿಂದ ಎಡಗೈ ತೆಗೆದು ಮಾವನ ಕೈ ಹಿಡಿದು ನೋಡಿದರು. ಹಿಡಿದದ್ದು ಒಂದು ಹೆಬ್ಬೆರಳು, ಒಂದು ಕಿರುಬೆರಳು. "ಇದಕ್ಕೂ ಪೆಟ್ಟಿಗೆ ಮಾಡಿಸಿದ್ದೆ ಅಣ್ಣಾ. ಬಾಗಿಲು ತೆಗೆದಾಗೆಲ್ಲ ಕೆಲಸ ಅರ್ಧಕ್ಕೆ ನಿಲ್ತಿತ್ತು. ಬೇಜಾರಾಗಿ ಸ್ವಿಚ್ಚನ್ನ ಒತ್ತಿ ಹಿಡಿದು ದಾರ ಕಟ್ಟಿಬಿಟ್ಟೆ. ನಿಮಗೆ ನಾನಿದನ್ನ ಕೊಡಲ್ಲ."

ತಂಗಿ ಬಾಗಿಲವರೆಗೆ ಬಂದು ಅತ್ತೆಯ ಕಿವಿಯಲ್ಲಿ ಹೇಳಿದರು: "ಮಾರ್ತೀನಿ ಅಂತಾನೆ ಅಕ್ಕಾ. ಮಾರೋಕೆ ಅವನಿಗೆ ಮನಸ್ಸು ಬರಲ್ಲ."

ಮೀನಿನ ತೊಟ್ಟಿಯೇ ಮನೆಗೆ ಬಂತು, ಅದಕ್ಕೆ ಮೋಟಾರೂ ಕಂಪ್ಯೂಟರೂ ಕೂತವು. ಮಾವ ಹಿತ್ತಾಳೆಯನ್ನಷ್ಟೇ ಕೆತ್ತಿದರು, ನಡುಕಕ್ಕೆ ಹೊಂದಿಕೊಂಡರು, ಎರಡು ಹೊತ್ತು ಹೊಟ್ಟೆತುಂಬ ಉಂಡರು. ಅತ್ತೆಗೆ ಸಮಾಧಾನವಾಗಬೇಕಿತ್ತು. ಆದರೆ ಬೆಳಿಗ್ಗೆ ಒರೆಸಿದ ಗಾಜಿನ ಮೇಲೆ ಸಂಜೆಗೆ ಬೆರಳ ಗುರುತು ತುಂಬಿರುತ್ತಿತ್ತು, ಒಂದರ ಮೇಲೊಂದು, ಎಲ್ಲವೂ ಎಡಗೈಯವೇ. ಕೈ ಹೋಗುತ್ತಲೇ ಇತ್ತು. ಗಾಜು ತಡೆಯುತ್ತಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಗುರುತುಗಳು ಕಡಿಮೆಯಾದವು. ಒಂದು ದಿನ ಗಾಜಿನ ಮೇಲೆ ಒರೆಸಲು ಒಂದು ಗುರುತೂ ಇರಲಿಲ್ಲ. ಕೈಗೆ ಬುದ್ಧಿ ಬಂತು ಎಂದುಕೊಂಡು ಅತ್ತೆ ನಿರಾಳವಾಗಿ ಹೊಲಿಯಲು ಕುಳಿತರು. ರವಿಕೆಗೆ ತೋಳು ಜೋಡಿಸಲು ನೀಲಿ ದಾರ ಬೇಕಿತ್ತು. ಡಬ್ಬದಲ್ಲಿ ಆ ಉಂಡೆ ಕಾಣಲಿಲ್ಲ. ಮೇಜಿನ ಕೆಳಗೂ ಇಲ್ಲ.

ಹಿಂದಿನ ಕೋಣೆಯಲ್ಲಿ ಯಂತ್ರ ಓಡುತ್ತಿತ್ತು. ಪೆಟ್ಟಿಗೆಯ ಬಾಗಿಲು ತೆರೆದ ಕಿರ್ ಸದ್ದು ಕೇಳಿಸಿತು. ಯಂತ್ರ ನಿಲ್ಲಲಿಲ್ಲ.

ಅತ್ತೆ ಎದ್ದು ಓಡಿದ್ದು ಮಾವನ ಕಡೆಗಲ್ಲ, ಗೋಡೆಯ ಮೇನ್ ಸ್ವಿಚ್ಚಿನ ಕಡೆಗೆ. ಮನೆಯೆಲ್ಲ ಒಮ್ಮೆಗೇ ಗಪ್ಪಾಯಿತು.

"ಏನೇ, ಕರೆಂಟ್ ಹೋಯ್ತಾ?"

"ಕೈ ತೋರ್ಸಿ."

ಮಾವ ತೋರಿಸಿದರು. ಹತ್ತೂ ಇದ್ದವು. ಎಡಗೈಯ ನಡುಬೆರಳಿನ ಉಗುರಿಗೆ ಅಡ್ಡಲಾಗಿ ತೆಳ್ಳಗೊಂದು ಗೀರು, ಅಷ್ಟೇ.

"ಕೂದಲೆಳೆ" ಎಂದು ನಗಲು ನೋಡಿದರು. ನಗು ಬರಲಿಲ್ಲ. "ಪದೇ ಪದೇ ನಿಲ್ತಿತ್ತು ಕಣೇ..."

ಅತ್ತೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದು, ಸ್ವಿಚ್ಚಿಗೆ ಬಿಗಿದ ನೀಲಿ ದಾರವನ್ನು ಕತ್ತರಿಸಿ ಹಾಕಿದರು. ಉಳಿದ ನೀಲಿ ಉಂಡೆಯನ್ನು ಈಗ ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಾರೆ. ಬೆಳಿಗ್ಗೆ ಗಾಜು ಒರೆಸುತ್ತಾರೆ, ಸಂಜೆ ಹೋಗಿ ನೋಡುತ್ತಾರೆ. ಗುರುತಿದ್ದರೆ ಉಸಿರು ಬಿಡುತ್ತಾರೆ. ಇಲ್ಲದ ದಿನ ಒಂದೊಂದೇ ಡಬ್ಬ ತೆರೆದು ಉಂಡೆಗಳನ್ನು ಎಣಿಸಿ ನೋಡುತ್ತಾರೆ: ಕೆಂಪು, ಬಿಳಿ, ಹಸಿರು, ಕಪ್ಪು. ಬಟ್ಟೆ ಹೊಲಿಯುವವರ ಮನೆ. ದಾರಕ್ಕೇನು ಬರ?