ಗಾಡಿಯ ಸೋಮವಾರ

ತರಕಾರಿ ಮಾರುವ ಕೈಗಾಡಿಗೆ ವಿಭೂತಿ ಹಚ್ಚುವುದನ್ನು ನೀವು ಎಲ್ಲಿಯೂ ನೋಡಿರಲಿಕ್ಕಿಲ್ಲ. ವಿಕ್ರೋಳಿಯ ಗುಡ್ಡದ ಜೋಪಡಪಟ್ಟಿಯವರು ನೋಡಿದ್ದರು, ಅದೂ ವಾರಕ್ಕೊಮ್ಮೆ ತಪ್ಪದೆ. ಸೋಮವಾರ ಬಂತೆಂದರೆ ಗುರುಬಾಯಿ ತನ್ನ ಎರಡು ಗಾಲಿಯ ಗಾಡಿಯನ್ನು ಜೋಪಡಿಯ ಮುಂದೆ ನಿಲ್ಲಿಸಿ, ನಳದಿಂದ ಹೊತ್ತು ತಂದ ನೀರಿನಲ್ಲಿ ಅದರ ಮೈ ತೊಳೆದು, ಹಿಡಿದು ಎಳೆಯುವ ಮೂಕಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಗಾಲಿಗೆ ಕಲ್ಲು ಕೊಟ್ಟು ಬಿಡುತ್ತಿದ್ದಳು. ಆಳಂದದ ಕಡೆಯ ಅವಳ ಊರಿನಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ. ಭಾರ ಎಳೆಯುತ್ತದೆ, ಮನೆಯವರ ಹೊಟ್ಟೆ ಹೊರೆಯುತ್ತದೆ ಎಂದ ಮೇಲೆ ಗಾಡಿಯೂ ಎತ್ತೇ ಎಂಬುದು ಅವಳ ಲೆಕ್ಕ. ಹಾಗೆಂದು ಅಂದು ಸೊಪ್ಪಿನ ವ್ಯಾಪಾರ ನಿಲ್ಲುತ್ತಿರಲಿಲ್ಲ. ಬುಟ್ಟಿ ತಲೆಗೇರುತ್ತಿತ್ತು. ಗಾಡಿಗೆ ರಜೆ, ಗುರುಬಾಯಿಗೆ ಇಮ್ಮಡಿ ದುಡಿತ. ಇದರಲ್ಲೇನೋ ತಪ್ಪಿದೆ ಎಂದು ಆ ಪುಣ್ಯಾತ್ಗಿತ್ತಿಗೆ ಒಮ್ಮೆಯೂ ಅನಿಸಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಗಂಡ ಖಂಡಪ್ಪನ ಹಿಂದೆ ಅವಳು ಮುಂಬಯಿಗೆ ಬಂದಳು. ಖಂಡಪ್ಪ ಗುಡ್ಡದ ಆಚೆ ಮಗ್ಗುಲಿನ ಕಲ್ಲುಖಣಿಯಲ್ಲಿ ಜಲ್ಲಿ ಒಡೆಯುತ್ತಿದ್ದ. ಅಲ್ಲಿ ವಾರಗಳಿಗೆ ಹೆಸರೇ ಇರಲಿಲ್ಲ. ಬಂದ ದಿನಕ್ಕೆ ಕೂಲಿ, ಬಾರದಿದ್ದರೆ ಆ ಜಾಗಕ್ಕೆ ಬೇರೊಬ್ಬ. ರಾತ್ರಿ ಅಂಗೈಯ ಬೊಬ್ಬೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಅವನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವನು. "ನಮ್ಮೂರಾಗ ಎತ್ತಿಗೂ ಸೋಮವಾರ ಅದ. ಇಲ್ಲಿ ಮನಷ್ಯಾಗ ಇಲ್ಲ ನೋಡು, ಗುರುಬಾಯಿ."

ಎಪ್ಪತ್ತೊಂದರ ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಜ್ವರದಲ್ಲಿಯೇ ನಾಲ್ಕು ದಿನ ಕೆಲಸಕ್ಕೆ ಹೋದ. ಐದನೆಯ ದಿನ ಅವನನ್ನು ಜತೆಯವರು ಹೊತ್ತು ತಂದರು. ಅವನು ತೀರಿಕೊಂಡದ್ದು ಯಾವ ವಾರ ಎಂದು ಗುರುಬಾಯಿಗೆ ಕೊನೆಯವರೆಗೂ ನೆನಪಾಗಲಿಲ್ಲ.

ಉಳಿದದ್ದು ಮಗಳು ಸುಂದ್ರವ್ವ, ಏಳು ವರ್ಷದವಳು. ಗುರುಬಾಯಿ ಬಿಲ್ಡಿಂಗ್ ಕೂಲಿಗೆ ಹೋಗತೊಡಗಿದಳು. ತಂದೆ ಹೋದ ಚಳಿಗಾಲದಲ್ಲಿ ಆ ಹುಡುಗಿ ಸಂಜೆಯಾದರೆ ಎಡವತೊಡಗಿದಳು. ದೀಪ ಹಚ್ಚುವ ಹೊತ್ತಿಗೆ ಕೊಡ ಒದೆಯುವುದು, ಹೊಸ್ತಿಲಿಗೆ ಮುಗ್ಗರಿಸುವುದು, ತಟ್ಟೆ ಎದುರಿಗಿದ್ದರೂ ತಡಕಾಡುವುದು. ಒಂದು ಸಂಜೆ ಅರ್ಧ ಮೈಲಿ ದೂರದಿಂದ ತಂದ ನೀರನ್ನೆಲ್ಲ ಚೆಲ್ಲಿದಳು. ಗುರುಬಾಯಿ ಬೆನ್ನಿಗೆ ಎರಡು ಬಾರಿಸಿದಳು. ಹುಡುಗಿ ಅಳುತ್ತ ತಾಯಿಯ ಕಡೆಗೆ ಕೈ ಚಾಚಿದಳು. ಚಾಚಿದ್ದು ತಾಯಿ ಇರದ ಕಡೆಗೆ. ಮರುದಿನವೇ ಗುರುಬಾಯಿ ಅವಳನ್ನು ಕರೆದುಕೊಂಡು ಹೊರಟಳು.

ಪರೇಲಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರೆಪ್ಪೆ ಬಿಡಿಸಿ ನೋಡಿ, ಇದು ಇರುಳುಗಣ್ಣು ಎಂದರು. ಔಷಧಿ ಕುಡಿಸಿದರು. ಆಮೇಲೆ ದಿನವೂ ಹಸಿ ಸೊಪ್ಪು, ಗಜ್ಜರಿ ತಿನ್ನಿಸಬೇಕು, ಬಿಟ್ಟರೆ ಮತ್ತೆ ಬರುತ್ತದೆ, ಇನ್ನೂ ಬಿಟ್ಟರೆ ಹಗಲೂ ಕಾಣದಂತಾಗುತ್ತದೆ ಎಂದು ಸ್ಪಷ್ಟವಾಗಿಯೇ ಹೇಳಿದರು. ಹೊಡೆದ ಕೈಯನ್ನು ಗುರುಬಾಯಿ ಸೆರಗಿನಲ್ಲಿ ಮುಚ್ಚಿಕೊಂಡೇ ಕೇಳಿದಳು.

ಆದರೆ ಗುಡ್ಡದಲ್ಲಿ ಸೊಪ್ಪೆಲ್ಲಿತ್ತು? ಕೆಳಗಿನ ಎರಡು ಅಂಗಡಿಗಳಲ್ಲಿ ಉಳ್ಳಾಗಡ್ಡಿ, ಬಟಾಟೆ, ಒಣಮೆಣಸಿನಕಾಯಿ. ಸ್ಟೇಶನ್ ಹತ್ತಿರದ ಬಾಜಾರಕ್ಕೆ ಹೋಗಿಬರಲು ಒಂದು ಹೊತ್ತು ಬೇಕು. ಗುಡ್ಡದ ಹೆಂಗಸರು ಕತ್ತಲಿರುವಾಗಲೇ ಬಿಲ್ಡಿಂಗ್ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವವರು. ಆಗ ಸಿಗುವುದು ಬಾಡಿದ್ದು, ಕೊಳೆತದ್ದು, ಬೇರೆಯವರು ಬೇಡವೆಂದದ್ದು. ಮುಂಬಯಿಯಂಥ ಮುಂಬಯಿಯಲ್ಲಿ ಹಸಿರು ಸೊಪ್ಪು ತಿನ್ನಲಿಕ್ಕೂ ತಕ್ಕ ವಿಳಾಸ ಬೇಕಾಗಿತ್ತು.

ಗುರುಬಾಯಿ ಮೊದಲ ಲೋಕಲ್ ಹಿಡಿದು ಭಾಯಖಳಾದ ಸಗಟು ಮಂಡಿಗೆ ಹೋಗತೊಡಗಿದಳು. ಮೊದಲು ತಂದದ್ದು ಮಗಳಿಗೆ ಮಾತ್ರ. ಮೆಂತೆ, ರಾಜಗಿರಿ, ಪುಂಡಿಪಲ್ಲೆಯ ಒಂದೊಂದು ಕಟ್ಟು. ಪಕ್ಕದ ಜೋಪಡಿಯ ಸೋಮವ್ವ ಕಂಡಳು. ಅವಳ ಮೊಮ್ಮಗನೂ ಸಂಜೆ ಎಡವುತ್ತಿದ್ದ. "ನನಗೊಂದ ಸಿವುಡು ತಾರವ್ವಾ" ಎಂದಳು. ಮರುವಾರ ಹತ್ತು ಮನೆಯವರು ಕೇಳಿದರು. ತಿಂಗಳೆರಡರಲ್ಲಿ ಗುರುಬಾಯಿ ಕೂಲಿ ಬಿಟ್ಟು ಸೊಪ್ಪಿನವಳಾದಳು. ತಲೆಯ ಮೇಲೆ ತಂದದ್ದು ಗುಡ್ಡದ ಅರ್ಧಕ್ಕೇ ಮುಗಿಯುತ್ತಿತ್ತು. ಮೇಲಿನ ಸಾಲುಗಳ ಮಕ್ಕಳು ಖಾಲಿ ಬುಟ್ಟಿಯನ್ನು ನೋಡಿ ಹಿಂದಿರುಗುವುದನ್ನು ಅವಳು ತಾಳಲಾರದೆ ಹೋದಳು.

ಸರಕಾರ ಬ್ಯಾಂಕುಗಳನ್ನು ತನ್ನ ಕೈಗೆ ತೆಗೆದುಕೊಂಡು ಮೂರ್ನಾಲ್ಕು ವರ್ಷವಾಗಿತ್ತು. ಬಡವರಿಗೆ ನೂರಕ್ಕೆ ನಾಲ್ಕರ ಬಡ್ಡಿಯಲ್ಲಿ ಸಾಲ ಕೊಡಬೇಕೆಂಬ ಹುಕುಂ ಬಂದಿತ್ತು. ಆ ಹುಕುಮನ್ನು ಕೈಚೀಲದಲ್ಲಿಟ್ಟುಕೊಂಡು ಗುಡ್ಡ ಹತ್ತಿದವನು ಸದಾನಂದ, ಉಡುಪಿ ಕಡೆಯ ಬ್ಯಾಂಕ್ ಗುಮಾಸ್ತ. ಇಸ್ತ್ರಿ ಮಾಡಿದ ಅಂಗಿ, ಮಾತಿಗೆ ತಪ್ಪದ ಮನುಷ್ಯ. ಕನ್ನಡ ಕೇಳಿ ಅವನಿಗೂ ಖುಷಿ, ಅವಳಿಗೂ ಧೈರ್ಯ.

"ಮೊದಲು ನಿಮಗೊಂದೇ ಗಾಡಿ, ಗುರುಬಾಯಿಯವರೇ. ಅದು ಸರಿಯಾಗಿ ಓಡಿದರೆ ಗುಡ್ಡದ ಇನ್ನೂ ಆರು ಹೆಂಗಸರಿಗೆ ಕೊಡ್ಲಿಕ್ಕುಂಟು. ಗಾಡಿ ಸುಮ್ಮನೆ ನಿಂತರೆ ಮಾತ್ರ ಬ್ಯಾಂಕು ವಾಪಸು ತಗೊಳ್ತದೆ. ಗೊತ್ತಾಯ್ತಲ್ಲ?"

"ಆತ್ರಿ ಸಾಹೇಬ್ರ, ನಿಲ್ಲಸಂಗಿಲ್ರಿ" ಎಂದು ಅವಳು ಹೆಬ್ಬೆಟ್ಟು ಒತ್ತಿದಳು. ಸೋಮವಾರದ ಮಾತು ಅವಳ ಬಾಯಿಗೆ ಬರಲಿಲ್ಲ. ಎತ್ತು ಕೊಡುವವನಿಗೆ ಸೋಮವಾರದ ವಿಷಯ ಹೇಳಿಕೊಡಬೇಕೇ? ಲೋಕಕ್ಕೆಲ್ಲ ಗೊತ್ತಿರುವ ಸಂಗತಿ ಎಂದೇ ಅವಳು ತಿಳಿದಿದ್ದಳು.

ಗಾಡಿ ಬಂತು. ಸ್ಟೇಶನ್ನಿನಿಂದ ಗುಡ್ಡದ ನಡುವಿನ ನಳದವರೆಗೆ ಗಾಡಿ, ಅಲ್ಲಿಂದ ಮೇಲೆ ಬುಟ್ಟಿ. ಗೋಣಿತಟ್ಟನ್ನು ನೀರಿನಲ್ಲಿ ಅದ್ದಿ ಹೊದಿಸಿ, ಕೆಲಸದ ಹೆಂಗಸರು ಮರಳುವ ಸಂಜೆಯವರೆಗೆ ಸೊಪ್ಪನ್ನು ಬಾಡದಂತೆ ಕಾಯುವಳು. ಮೇಲಿನ ಕೊನೆಯ ಸಾಲಿಗೂ ಮೆಂತೆಯ ಸಿವುಡು ಮುಟ್ಟಿತು. ವರ್ಷ ತಿರುಗುವುದರೊಳಗೆ ಸುಂದ್ರವ್ವ ಬುಡ್ಡಿದೀಪದ ಬೆಳಕಿನಲ್ಲಿ ಬೇಳೆಯ ಕಲ್ಲು ಆರಿಸತೊಡಗಿದಳು. ಗುರುಬಾಯಿ ಅದನ್ನು ನೋಡುತ್ತ ರೊಟ್ಟಿ ಸೀಯಿಸಿದ ದಿನಗಳಿವೆ.

ಸದಾನಂದನಿಗೆ ಹೊರಗಡೆ ತಿರುಗಲು ಶಾಖೆಯವರು ಕೊಟ್ಟಿದ್ದ ದಿನ ಸೋಮವಾರ. ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಅವನು ಮೂರು ಸಲ ಬಂದ. ಮೂರು ಸಲವೂ ಗುರುಬಾಯಿ ಬುಟ್ಟಿ ಹೊತ್ತು ಕೆಳಗಿನ ಓಣಿಗಳಿಗೆ ಹೋಗಿದ್ದಳು. ಗಾಡಿ ಮಾತ್ರ ಬಾಗಿಲಲ್ಲಿ ಮಿಂದು, ವಿಭೂತಿ ಧರಿಸಿ, ಯಾವ ಚಿಂತೆಯೂ ಇಲ್ಲದೆ ನಿಂತಿತ್ತು. ಒಂದು ಕೊಳೆತ ಎಲೆ ಕೂಡ ಅದಕ್ಕೆ ಅಂಟಿರಲಿಲ್ಲ. ಹಾದುಹೋಗುವವನೊಬ್ಬನನ್ನು ಕೇಳಿದರೆ "ಇವತ್ತ ಗಾಡಿ ತೆಗೆಂಗಿಲ್ರಿ" ಎಂದ. ಇನ್ನೊಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಸದಾನಂದ ಕೇಳಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವುದೇ ಪ್ರಾಮಾಣಿಕತೆ ಎಂದು ನಂಬಿದವನು, ಗಾಡಿ ಬಳಕೆಯಲ್ಲಿಲ್ಲ ಎಂದು ಬರೆದ.

ಗಾಡಿ ಹಿಂದಕ್ಕೆ ಪಡೆಯುವ ನೋಟೀಸು ಬಂತು. ಅದನ್ನು ಅವನೇ ತಂದ, ಅಂಚೆಗೆ ಹಾಕಲು ಮನಸ್ಸು ಬಾರದೆ ಒಂದು ಗುರುವಾರ ಸಂಜೆ ಕೆಲಸ ಮುಗಿಸಿ ಬಂದ. ಬಂದವನು ನಳದ ಹತ್ತಿರ ನಿಂತುಬಿಟ್ಟ. ಗಾಡಿಯ ತುಂಬ ಸೊಪ್ಪು, ಸುತ್ತ ಐವತ್ತು ಹೆಂಗಸರು.

"ಇದೆಂತ ಇದು? ಮತ್ತೆ ನಾನು ಬಂದಾಗೆಲ್ಲ ಗಾಡಿ ಯಾಕೆ ನಿಂತಿರ್ತದೆ?"

"ಯಾವಾಗ ಬಂದಿದ್ರಿ?"

"ಸೋಮವಾರ."

ಗುರುಬಾಯಿ ಅವನನ್ನು ಸಣ್ಣ ಮಗುವನ್ನು ನೋಡುವಂತೆ ನೋಡಿದಳು. "ಸೋಮವಾರ ಹ್ಯಾಂಗ ಹೂಡಬೇಕ್ರಿ ಸಾಹೇಬ್ರ? ಬಸವಣ್ಣನ ದಿನ. ಅವತ್ತ ನಾ ತಲಿಮ್ಯಾಲ ಹೊತ್ತು ಮಾರ್ತೀನಿ."

ಸದಾನಂದ ನಳದ ಕಟ್ಟೆಯ ಮೇಲೆ ಕುಳಿತುಬಿಟ್ಟ. ವರದಿ ಮೇಲಿನ ಕಚೇರಿಗೆ ಹೋಗಿಯಾಗಿತ್ತು. ಬರುವ ಸೋಮವಾರ ದೊಡ್ಡ ಸಾಹೇಬರೇ ನೋಡಲು ಬರುವವರಿದ್ದರು. ಗಾಡಿ ಅಂದೂ ನಿಂತಿದ್ದರೆ ಅದು ಹೋಗುತ್ತದೆ, ಆರು ಹೆಂಗಸರ ಅರ್ಜಿಯೂ ಹೋಗುತ್ತದೆ. "ಈಗ ದಿನ ಬದಲಿಸಿ ಅಂತ ಕೇಳಿದ್ರೆ ಅವರು ನಂಬುದಿಲ್ಲ. ಅದೊಂದು ದಿನ ಎಳೆಯಿರಿ ಮಾರಾಯ್ರೇ. ತಪ್ಪು ನನ್ನದು, ನಿಮ್ಮ ದೇವರ ಹತ್ರ ನಾನೇ ಕೇಳ್ಕೊಳ್ತೇನೆ."

ಭಾನುವಾರದವರೆಗೂ ಅವಳಿಗೆ ಅನ್ನ ಸೇರಲಿಲ್ಲ. ದೇವರ ಭಯ ಇದ್ದೇ ಇತ್ತು. ಅದಕ್ಕಿಂತ ಹೆಚ್ಚಾಗಿ ಕಾಡಿದವನು ಖಂಡಪ್ಪ. ಅವನಿಗೆ ಸಿಗದ ಸೋಮವಾರವನ್ನು ಅವಳು ಆ ಗಾಡಿಗೆ ಕೊಟ್ಟಿದ್ದಳು. ಅವನ ಮಾತಿನಲ್ಲಿ ಅವಳು ಉಳಿಸಿಕೊಂಡದ್ದು ಅಷ್ಟೇ. ಅದನ್ನೂ ಬಿಟ್ಟರೆ ಕೂಲಿಗಳನ್ನು ದುಡಿಸುವ ಖಣಿಯ ಮುಕಾದಮನಿಗೂ ತನಗೂ ಏನು ಅಂತರ? ಸೋಮವ್ವ ಬಂದು ಪಕ್ಕದಲ್ಲಿ ಕುಳಿತಳು. ಆರು ಅರ್ಜಿಗಳಲ್ಲಿ ಅವಳದೂ ಒಂದು. "ನಾ ಏನೂ ಹೇಳಂಗಿಲ್ಲವ್ವಾ" ಎಂದಳು. ಅವಳ ಮೊಮ್ಮಗ ಸುಂದ್ರವ್ವನೊಂದಿಗೆ ಮಬ್ಬಿನಲ್ಲಿ ಗೋಲಿ ಆಡುತ್ತಿದ್ದ. ಇಬ್ಬರೂ ಗುರಿ ಹಿಡಿದು ಹೊಡೆಯುತ್ತಿದ್ದರು. ಗುರುಬಾಯಿ ಬಹಳ ಹೊತ್ತು ಅದನ್ನೇ ನೋಡಿದಳು.

ಸೋಮವಾರ ಅವಳು ಎಂದಿನಂತೆ ಗಾಡಿ ತೊಳೆದಳು, ವಿಭೂತಿ ಹಚ್ಚಿದಳು. ಆಮೇಲೆ ಮೂಕಿಗೆ ಹಣೆ ಮುಟ್ಟಿಸಿ, "ಇವತ್ತೊಂದಿನ ನನ್ನ ಮಾತ ಕೇಳಪಾ" ಎಂದು ಎಳೆದಳು. ಗಾಲಿ ಉರುಳಿದಾಗ ಅವಳ ಕಣ್ಣಲ್ಲಿ ನೀರು ಸುರಿಯಿತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ದೊಡ್ಡ ಸಾಹೇಬರು ಜೀಪಿನಿಂದ ಇಳಿದು ಸೊಪ್ಪು ನೋಡಿದರು, ಹೆಂಗಸರನ್ನು ನೋಡಿದರು, ಹಿಂದಿಯಲ್ಲಿ ಒಂದೆರಡು ಪ್ರಶ್ನೆ ಕೇಳಿದರು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಗಾಡಿ ಅವಳಿಗೆ ಉಳಿಯಿತು. ಆರು ಅರ್ಜಿಗಳೂ ಮಂಜೂರಾದವು. ಸದಾನಂದ ಹೋಗುವಾಗ ಹಿಂದೆ ಉಳಿದು, "ನನ್ನ ತಿರುಗಾಟದ ದಿನ ಇನ್ನು ಗುರುವಾರ ಮಾಡಿಸ್ಕೊಳ್ತೇನೆ. ಸೋಮವಾರ ನಿಮ್ಮ ಬಸವಣ್ಣ ಮಲಗಲಿ" ಎಂದ.

ಮುಂದಿನ ಸೋಮವಾರ ಗಾಡಿ ಬಾಗಿಲಲ್ಲಿ ನಿಂತಿತ್ತು. ಸಂಜೆ ಗುರುಬಾಯಿ ಸಿಂಬಿ ಸುತ್ತಿ, ಗುಡ್ಡದ ಮೇಲಿನ ಸಾಲುಗಳಿಗೆಂದು ಬುಟ್ಟಿಗೆ ಕೈ ಹಾಕಿದಳು. ಸೋಮವ್ವ ಬಂದು ಬುಟ್ಟಿಯನ್ನು ಹಿಡಿದುಕೊಂಡಳು. ಅವಳ ಹಿಂದೆ ಗಾಡಿ ಮಂಜೂರಾದ ಉಳಿದ ಐವರು, ದಿನವಿಡೀ ಸಿಮೆಂಟು ಹೊತ್ತು ಬಂದವರು, ಕೈಕಾಲು ಕೂಡ ತೊಳೆದಿರಲಿಲ್ಲ.

"ಬಿಡು. ನಾವ್ ಒಯ್ತೀವಿ. ಗಾಡಿಗಿ ಸೋಮವಾರ ಮಾಡ್ದಿ. ನಿನಗ ಯಾವಾಗ ಮಾಡ್ತಿ?" ಎಂದಳು ಸೋಮವ್ವ.

ಅವರು ಸಿವುಡುಗಳನ್ನು ಹಂಚಿಕೊಂಡು ಉಡಿಯಲ್ಲಿ ತುಂಬಿಕೊಂಡು ಗುಡ್ಡ ಹತ್ತಿದರು. ಗುರುಬಾಯಿ ಗಾಡಿಯ ಪಕ್ಕ ನೆಲದ ಮೇಲೆ ಕುಳಿತಳು. ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮುಂಬಯಿಗೆ ಬಂದು ಆರು ವರ್ಷವಾಗಿತ್ತು, ಹೀಗೆ ಸುಮ್ಮನೆ ಕುಳಿತದ್ದು ಇದೇ ಮೊದಲು. ಖಂಡಪ್ಪನ ಮಾತು ನೆನಪಾಯಿತು. ಅವನು ಕೇಳಿದ್ದು ಎತ್ತಿಗಲ್ಲ, ಮನುಷ್ಯನಿಗೆ. ಅದು ಈಗ ತಿಳಿಯಿತು ಅವಳಿಗೆ.

ದೀಪ ಇನ್ನೂ ಹಚ್ಚಿರಲಿಲ್ಲ. ಓಣಿಯ ತುಂಬ ಮಬ್ಬು ಇಳಿದಿತ್ತು. ಸುಂದ್ರವ್ವ ಆಟ ಬಿಟ್ಟು ಓಡಿ ಬಂದವಳು ನಾಲ್ಕು ಮಾರು ದೂರದಲ್ಲೇ ನಿಂತಳು.

"ಯವ್ವಾ, ಯಾಕ ಅಳ್ಲಿಕತ್ತಿ?"

ಗುರುಬಾಯಿ ಬಾಯಿಗೆ ಸೆರಗು ಒತ್ತಿಕೊಂಡೇ ಕುಳಿತಿದ್ದಳು, ಒಂದು ಸದ್ದೂ ಮಾಡಿರಲಿಲ್ಲ. ಮಗಳಿಗೆ ಅಷ್ಟು ದೂರದಿಂದ, ಆ ಮಬ್ಬಿನಲ್ಲಿ, ಅವಳ ಕಣ್ಣೀರು ಕಂಡಿತ್ತು.