ಟಿ.ವಿ.ಯಲ್ಲಿ ಕೂಗಾಡುತ್ತಿದ್ದ ಎದುರು ಮನೆ ವಕೀಲರು

ಹೋದ ವಾರ ಸಣ್ಣವಳಿಗೆ ಕೆಮ್ಮು ಬಿಡದೆ ಕಾಡಿತಲ್ಲ, ಆಗ ಜ್ಯೇಷ್ಠಮಧುವಿನ ಬೇರು ತರಿಸಿ ಕುಟ್ಟಲು ಕೂತೆ. ನಾಲ್ಕು ಏಟು ಬೀಳುವಷ್ಟರಲ್ಲಿ ಒರಳಿನಿಂದ ಆ ಸಿಹಿ ಸಿಹಿಯಾದ, ಒಣಮಣ್ಣಿನಂಥ ವಾಸನೆ ಎದ್ದಿತು. ಎದುರು ಮನೆ ವಕೀಲರು ಬಾಗಿಲಿಗೆ ಬಂದು ನಿಂತರೇನೋ ಎಂದು ತಿರುಗಿ ನೋಡಿದೆ. "ಯಾರಜ್ಜಿ ಬಂದಿದ್ದು?" ಎಂದು ನೀವು ಕೇಳಿದಿರಿ. ಯಾರೂ ಇಲ್ಲ ಎಂದೆ. ಅವರು ತೀರಿಕೊಂಡು ಕೆಲವು ವರ್ಷಗಳೇ ಆದವು. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬಾರದು. ಅದಕ್ಕೇ ನಿಮಗಾಗಿ ಬರೆದಿಡುತ್ತಿದ್ದೇನೆ.

ಟಿ.ವಿ.ಯಲ್ಲಿ ಕೂಗಲು ಶುರು ಮಾಡಿದ ಮೇಲೆ ಅವರ ಜುಬ್ಬಾದ ಜೇಬಿನಲ್ಲಿ ಸದಾ ಆ ಬೇರಿನ ತುಂಡು ಇರುತ್ತಿತ್ತು. ಗಂಟಲು ಕಟ್ಟಬಾರದೆಂದು ಅಗಿಯುತ್ತಿದ್ದರು. ನಾವು ಕೆ.ಬಿ. ಬಡಾವಣೆಯ ಈ ಮನೆಗೆ ಬಂದ ಹೊಸದರಲ್ಲಿ ಅವರ ಗಂಟಲಿಗೆ ಯಾವ ಔಷಧವೂ ಬೇಕಿರಲಿಲ್ಲ. ಅಷ್ಟು ಮೆತ್ತಗಿನ ದನಿ. ಇವರು ಎದ್ದು ನಿಂತರೆ ಜಡ್ಜ್ ಸಾಹೇಬರು ಫ್ಯಾನ್ ನಿಲ್ಲಿಸಿ ಕೇಳುತ್ತಾರೆ ಎಂದು ನಿಮ್ಮ ಅಜ್ಜ ತಮಾಷೆ ಮಾಡುತ್ತಿದ್ದರು. ವಕೀಲರ ಹೆಂಡತಿ ಬೇಗ ತೀರಿಹೋಗಿದ್ದರು. ಇದ್ದವಳು ಒಬ್ಬಳೇ ಮಗಳು. ಶಾಲೆಗೆ ಹೋಗುವಾಗ ಅವಳಿಗೆ ಜಡೆ ಹೆಣೆದು ಕಳಿಸುತ್ತಿದ್ದವಳು ನಾನು. ನನ್ನನ್ನು ದೊಡ್ಡಮ್ಮ ಎನ್ನುತ್ತಿದ್ದಳು.

ಅವಳನ್ನು ಹರಿಹರದ ಕಬ್ಬಿಣದ ಅಂಗಡಿಯವರ ಮನೆಗೆ ಕೊಟ್ಟರು. ಬಸ್ಸು ಹತ್ತಿದರೆ ಎಷ್ಟು ಹೊತ್ತಿನ ದಾರಿ? ಮನಸ್ಸಾದಾಗೆಲ್ಲ ಬರುತ್ತಿದ್ದಳು. ಬಂದವಳು ಮೊದಲು ನಮ್ಮ ಅಡುಗೆಮನೆಗೆ ಇಣುಕಿ, "ಅಪ್ಪ ಸರಿಯಾಗಿ ಉಣ್ತಾರಾ ದೊಡ್ಡಮ್ಮ, ಸುಳ್ಳು ಹೇಳಬ್ಯಾಡ" ಎಂದು ವಿಚಾರಿಸಿಕೊಂಡು ಆಮೇಲೆ ತನ್ನ ಮನೆಯ ಬೀಗ ತೆಗೆಯುತ್ತಿದ್ದಳು. ಸಂಜೆ ವಕೀಲರು ಕೋರ್ಟಿನಿಂದ ಬರುವಾಗ ಬಾಗಿಲು ತೆರೆದಿರುವುದು ಕಂಡರೆ ಗೇಟಿನಿಂದಲೇ ಅವರ ನಡಿಗೆ ಬದಲಾಗುತ್ತಿತ್ತು.

ಬೀಗರು ಬೀಗರನ್ನು ಹಂಗಿಸುವುದು ನಮ್ಮ ಕಡೆಯ ಪದ್ಧತಿ ಎಂದು ನಿಮಗೆ ಗೊತ್ತು. ಎರಡು ಮಾತು ಚುಚ್ಚದಿದ್ದರೆ ಸಂಬಂಧ ಸರಿಯಾಗಿ ಕೂಡಿಲ್ಲವೆಂದೇ ಜನ ತಿಳಿಯುತ್ತಾರೆ. ಅವಳ ಮದುವೆಯ ಊಟದ ಪಂಕ್ತಿಯಲ್ಲಿ ವಕೀಲರು, ಆ ಮೆತ್ತಗಿನ ಮನುಷ್ಯ, ಎದ್ದು ನಿಂತು ಹೇಳಿದ್ದರು: "ನೋಡ್ರಪ್ಪ, ಈ ಹುಡುಗಗೆ ಹರಿಹರದಾಗ ಯಾರೂ ಹೆಣ್ಣು ಕೊಡಲಿಲ್ಲ. ಪಾಪ ಅಂತ ನಾನು ಕೊಟ್ಟೀನಿ."

ಬೀಗರು ಎಲೆಯ ಮುಂದಿನಿಂದಲೇ ಉತ್ತರ ಕೊಟ್ಟರು. "ಕೊಟ್ಟಿಲ್ಲರಿ. ನಿಮ್ಮ ವಾದ ಕೇಳಿ ಕೇಳಿ ಸಾಕಾಗಿ ಹುಡುಗೀನೇ ಓಡಿ ಬಂದೈತೆ."

ಇಡೀ ಛತ್ರ ನಕ್ಕಿತ್ತು. ಮದುಮಗನೂ ತಲೆ ತಗ್ಗಿಸಿಕೊಂಡು ನಕ್ಕಿದ್ದ.

ಆಮೇಲೆ ಈ ಟಿ.ವಿ. ಚರ್ಚೆ ಬಂತು. ವಕೀಲರು ಮೊದಲಿನಿಂದಲೂ ಒಂದು ರಾಜಕೀಯ ಪಕ್ಷದಲ್ಲಿದ್ದರು. ಬೆಂಗಳೂರಿನ ಒಂದು ಚಾನೆಲ್ಲಿನವರಿಗೆ ಆ ಪಕ್ಷದ ಪರ ಮಾತಾಡುವವರು ಬೇಕಿತ್ತಂತೆ. ಊರಿನಿಂದಲೇ ಕಂಪ್ಯೂಟರ್ ಮುಂದೆ ಕೂತು ಮಾತಾಡಿದರೆ ಸಾಕು ಎಂದರು. ವಕೀಲರ ಮನೆಗೆ ಒತ್ತಿಕೊಂಡೇ ಹಿಟ್ಟಿನ ಗಿರಣಿ ಇತ್ತು, ಸಂಜೆಯ ಹೊತ್ತಿಗೆ ಅದರ ಸದ್ದು ಜೋರು. ನಮ್ಮಲ್ಲಿ ನಿಮ್ಮಪ್ಪ ಇಂಟರ್‌ನೆಟ್ಟು, ಯು.ಪಿ.ಎಸ್ಸು ಎಲ್ಲ ಹಾಕಿಸಿದ್ದ. ಹಾಗಾಗಿ ನಮ್ಮ ಹಾಲೇ ಅವರ ಸ್ಟುಡಿಯೋ ಆಯಿತು. ನಿಮ್ಮ ಅಜ್ಜ ಗೋಡೆಗೆ ನೀಲಿ ಹಾಸಿಗೆ ಬಟ್ಟೆ ಕಟ್ಟುತ್ತಿದ್ದರು. ವಕೀಲರು ಮೇಲೆ ಕೋಟು, ಟೈ, ಕೆಳಗೆ ಪಂಚೆಯಲ್ಲಿ ಬಂದು ಕೂರುತ್ತಿದ್ದರು. ಕುಕ್ಕರ್ ಕೂಗಬಾರದೆಂದು ನಾನು ಆ ದಿನ ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತಿದ್ದೆ.

ಮೊದಲ ಸಲ ಅವರು ತಮ್ಮ ದನಿಯಲ್ಲೇ ಮಾತಾಡಿದರು. ಪರದೆಯ ಮೇಲೆ ಆರು ಚೌಕ, ಆರೂ ಚೌಕದಲ್ಲಿ ಒಬ್ಬೊಬ್ಬರು. ಇವರ ಬಾಯಿ ಆಡುವುದು ಮಾತ್ರ ಕಂಡಿತು, ಒಂದು ಮಾತೂ ಕೇಳಲಿಲ್ಲ. ಮರುದಿನ ಚಾನೆಲ್ಲಿನ ಹುಡುಗಿ ಫೋನ್ ಮಾಡಿ, "ಸರ್, ಸ್ವಲ್ಪ ಡಲ್ ಆದ್ರಿ" ಎಂದಳಂತೆ. ಅದು ಅವರಿಗೆ ನಾಟಿತು. ದಿನ ಕಳೆದಂತೆ ಕಲಿತರು. ಅಜ್ಜನ ಹತ್ತಿರ ಹೇಳಿಕೊಳ್ಳುತ್ತಿದ್ದರು: "ಅಣ್ಣಾರೆ, ಅಲ್ಲಿ ಉಸಿರು ತಗೊಳ್ಳಾಕೆ ನಿಂತ್ರೆ ಮುಗೀತು. ಆ ಸಂದಿಯಾಗೆ ಇನ್ನೊಬ್ಬ ನುಗ್ತಾನೆ. ಪ್ರಶ್ನೆ ಏನು ಅಂತ ಯಾರಿಗೂ ನೆನಪಿರಲ್ಲ, ಕೊನೀಗೆ ಯಾರ ದನಿ ಉಳೀತು ಅಷ್ಟೇ."

ಆಶ್ಚರ್ಯವೆಂದರೆ ಅರ್ಧ ಗಂಟೆ ಬೈದಾಡಿಕೊಂಡವರೇ ಮುಗಿದ ಮೇಲೆ ಫೋನ್ ಮಾಡಿ ನಗುತ್ತಿದ್ದರು. "ಇವತ್ತು ಚಲೋ ಬೈದ್ರಿ ಸಾರ್." ವಕೀಲರೂ ನಗುತ್ತಾ ಕೋಟು ಬಿಚ್ಚಿ, ನಾನು ಕಲಸಿಟ್ಟ ಮಂಡಕ್ಕಿ ತಿಂದು, "ಅಕ್ಕಾರೆ, ಮೆಣಸಿನಕಾಯಿ ಇವತ್ತು ಎದುರು ಪಕ್ಷದ್ದು ಕಾಣ್ತದೆ" ಎಂದು ಹೋಗುತ್ತಿದ್ದರು. ಕೂಗುವ ವಕೀಲರು ಬೇರೆ, ಮಂಡಕ್ಕಿ ತಿನ್ನುವ ವಕೀಲರು ಬೇರೆ ಎಂದೇ ನಾನು ಅಂದುಕೊಂಡಿದ್ದೆ. ಅವರೂ ಹಾಗೇ ಅಂದುಕೊಂಡಿರಬೇಕು...

ಹರಿಹರದ ಬೀಗರು ಎದುರು ಪಕ್ಷದವರು. ಚಾನೆಲ್ಲಿನವರಿಗೆ ಅದು ಗೊತ್ತಾಗಿ ಅವರನ್ನೂ ಕರೆದರು. ಬೀಗರಿಬ್ಬರೂ ಅಕ್ಕಪಕ್ಕದ ಚೌಕದಲ್ಲಿ ಕೂತದ್ದು ನೋಡಿ ನಮಗೆಲ್ಲ ಖುಷಿ. ಮಾತು ಏರಿತು. ಬೀಗರು ಏನೋ ಒಂದು ಅಂಕಿಸಂಖ್ಯೆ ಓದುತ್ತಿದ್ದರು, ಇವರ ಕಡೆ ಉತ್ತರ ಇರಲಿಲ್ಲ. ಆಗ ವಕೀಲರು ಕೂಗಿದರು: "ಇವರ ಮಾತು ಯಾರು ನಂಬ್ತಾರ್ರಿ? ಇವರ ಮಗಗೆ ಊರಾಗೆ ಯಾರೂ ಹೆಣ್ಣು ಕೊಡಲಿಲ್ಲ. ಪಾಪ ಅಂತ ನಾನು ಕೊಟ್ಟೀನಿ."

ಮದುವೆಯ ಪಂಕ್ತಿಯಲ್ಲಿ ಆಡಿದ ಅದೇ ಮಾತು. ಬೀಗರ ಮಾತು ಎಂದೇ ಅವರು ಆಡಿದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಛತ್ರದಲ್ಲಿ ಕೂತವರಿಗೆಲ್ಲ ಅದು ಬೀಗರ ಮಾತೆಂದು ಗೊತ್ತಿತ್ತು. ಟಿ.ವಿ. ನೋಡುವವರಿಗೆ ಏನು ಗೊತ್ತು? ಉಳಿದ ಚೌಕದವರು ಬಿದ್ದು ಬಿದ್ದು ನಕ್ಕರು. ಕೆಳಗೆ ದೊಡ್ಡ ಅಕ್ಷರದಲ್ಲಿ ಆ ಮಾತು ಓಡಿತು. ಮರುದಿನವೆಲ್ಲ ಅದನ್ನೇ ತೋರಿಸಿದರು. ಬೀಗರು ಮಾತ್ರ ಉತ್ತರ ಕೊಡಲಿಲ್ಲ.

ಹರಿಹರದ ಅಂಗಡಿಯಲ್ಲಿ ಮೊಳೆ ಕೊಳ್ಳಲು ಬಂದವರೂ ಅಳಿಯನನ್ನು "ಪಾಪದ ಅಳಿಯ" ಎನ್ನತೊಡಗಿದರಂತೆ. ಅವನು ಮೊದಲೇ ಮಾತು ಕಡಿಮೆಯವನು. ಗಲ್ಲಾದಲ್ಲಿ ಕೂರುವುದನ್ನೇ ಬಿಟ್ಟ. ಮಗಳು ಬರುವುದು ನಿಂತಿತು. ಅವಳು ನನಗೊಮ್ಮೆ ಫೋನ್ ಮಾಡಿ, "ಯಾರೂ ಹೋಗಬ್ಯಾಡ ಅಂದಿಲ್ಲ ದೊಡ್ಡಮ್ಮ. ಆದ್ರೆ ನಾನು ಚಪ್ಪಲಿ ಮೆಟ್ಟಿದ್ರೆ ನಮ್ಮನೆಯವರು ನನ್ನ ಮುಖ ನೋಡ್ತಾರೆ. ಹೆಂಗೆ ಬರಲಿ?" ಎಂದಳು. ವಕೀಲರು ಸಂಜೆ ಗೇಟಿನ ಬಳಿ ನಿಂತು ತಮ್ಮ ಬಾಗಿಲಿನ ಬೀಗ ನೋಡುತ್ತಿದ್ದರು. ನೋಡಿ ನಮ್ಮ ಮನೆಗೆ ಬರುತ್ತಿದ್ದರು.

ಕೊನೆಗೆ ನಿಮ್ಮ ಅಜ್ಜ ಹರಿಹರಕ್ಕೆ ಹೋದರು. ಬೀಗರು ಗೌರವದಿಂದಲೇ ಕೂರಿಸಿ ಮಾತಾಡಿದರಂತೆ. "ಮನೆಗೆ ಬಂದು ತಪ್ಪಾತು ಅಂದ್ರೆ ನನಗೆ ಸಾಕ್ರಿ. ನನ್ನ ಮಗಗೆ ಸಾಲದು. ಊರೆಲ್ಲ ಕೇಳಿದ್ದನ್ನ ಊರೆಲ್ಲ ಕೇಳಂಗೆ ವಾಪಸ್ ತಗೊಳ್ಳಲಿ. ಅದೇ ಟಿ.ವಿ.ಯಾಗೆ, ಒಂದೇ ಮಾತು. ಅವತ್ತೇ ನಾನೇ ಸೊಸೀನ ಕರಕೊಂಡು ಬರ್ತೀನಿ." ವಕೀಲರು ಒಪ್ಪಿದರು. ಚಾನೆಲ್ಲಿನವರಂತೂ ಕುಣಿದಾಡಿಬಿಟ್ಟರು.

ಆ ದಿನ ವಕೀಲರು ಬೇಗನೆ ಬಂದು ಕೂತರು. ಒಳಗೊಳಗೇ ಏನೋ ಹೇಳಿಕೊಳ್ಳುತ್ತಿದ್ದರು, ಪಾಠ ಒಪ್ಪಿಸುವ ಮಕ್ಕಳ ಹಾಗೆ. ಅಜ್ಜ ಮೇಜಿನ ಆಚೆ, ಕಂಪ್ಯೂಟರಿನ ಹಿಂದೆ ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ, ವಕೀಲರ ಪಕ್ಕಕ್ಕೆ ನಿಂತಿದ್ದೆ. ಹೊಸ ಜನ ಇದ್ದಲ್ಲಿ ಹೋಗಿ ಕೂರುವವಳಲ್ಲ ನಾನು. ಆ ಕಂಪ್ಯೂಟರಿನೊಳಗಿನವರು ಕೂಡ ನನಗೆ ಹೊಸ ಜನರೇ.

ಬೀಗರು ಅವರ ಚೌಕದಲ್ಲಿ ಬಂದು ಕೂತರು. ಅವರ ಹಿಂದೆ ಬಾಗಿಲ ಪರದೆ ಸರಿಸಿಕೊಂಡು ಮಗಳು ನಿಂತದ್ದು ಒಂದು ಗಳಿಗೆ ಕಂಡಿತು. ಹೊರಗೆ ಹೋಗುವ ಸೀರೆ ಉಟ್ಟಿದ್ದಳು.

ಮೊದಲೇ ಮಾತು ಕೊಟ್ಟಿದ್ದಂತೆ ನಿರೂಪಕ ಇವರಿಗೇ ಅವಕಾಶ ಕೊಟ್ಟ. ಆದರೆ ಕೊಡುವಾಗ, "ಅಂದರೆ ನಿಮ್ಮ ಪಕ್ಷದ ವಾದವೂ ಸುಳ್ಳು ಅಂತ ಒಪ್ಪಿಕೊಳ್ತಿದ್ದೀರಾ?" ಎಂದು ಸೇರಿಸಿದ. ವಕೀಲರು, "ಅದು ಬೇರೆ, ಇದು ಬೇರೆ" ಎಂದು ಮೆತ್ತಗೆ ಶುರು ಮಾಡಿದರು. ಅಷ್ಟು ದಿನಗಳ ಮೇಲೆ ಅವರ ಆ ಹಳೆಯ ದನಿ ಕೇಳಿತು. ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಂತರು. ಆ ಸಂದಿಯಲ್ಲಿ ಮೂಲೆಯ ಚೌಕದವನೊಬ್ಬ ನುಗ್ಗಿದ: "ವಕೀಲರ ಬಾಯಿ ಕಟ್ಟಿದ್ದು ಇದೇ ಮೊದಲು ನೋಡಿ." ಇನ್ನಿಬ್ಬರು ಸೇರಿಕೊಂಡರು. ಇವರು ದನಿ ಏರಿಸಿದರು. ಅವರೂ ಏರಿಸಿದರು. ನೋಡನೋಡುತ್ತ ವಕೀಲರ ಕತ್ತಿನ ನರ ಉಬ್ಬಿತು. "ನಾನು ಯಾರ ಮುಂದೆಯೂ ತಲೆ ಬಗ್ಗಿಸಿದವನಲ್ಲ" ಎಂದು ಕಿಟಕಿ ಗಾಜು ಅದುರುವಂತೆ ಕೂಗಿದರು. ಮತ್ತೆ ಮತ್ತೆ ಅದನ್ನೇ ಕೂಗಿದರು.

ನಾನು ಮುಖ ನೋಡಲಾಗದೆ ಕಣ್ಣು ಕೆಳಗಿಳಿಸಿದೆ. ಆಗ ಅವರ ಕೈಗಳು ಕಂಡವು. ಮೇಜಿನ ಕೆಳಗೆ, ಪಂಚೆಯ ಮಡಿಲಲ್ಲಿ, ಎರಡೂ ಕೈ ಮುಗಿದುಕೊಂಡಿದ್ದರು. ಕ್ಷಮೆ ಕೇಳುವಾಗ ಮೇಲೆತ್ತಬೇಕೆಂದು ಮೊದಲೇ ಜೋಡಿಸಿಟ್ಟುಕೊಂಡಿದ್ದರೋ ಏನೋ. ಮೇಲೆ ಬಾಯಿ ಕೂಗುತ್ತಿತ್ತು. ಕೆಳಗೆ ಕೈಗಳು ಹಾಗೇ ಮುಗಿದು ಕೂತಿದ್ದವು. ಅಜ್ಜನಿಗೆ ಮೇಜು ಅಡ್ಡ. ಟಿ.ವಿ.ಯವರಿಗೆ ಎದೆಯಿಂದ ಕೆಳಗೆ ಬೇಕಿಲ್ಲ. ನೋಡಿದವಳು ನಾನೊಬ್ಬಳೇ.

ಬೀಗರು ಕಿವಿಯ ವೈರ್ ತೆಗೆದಿಟ್ಟು ಎದ್ದು ಹೋದರು. ಅವರ ಚೌಕದಲ್ಲಿ ಖಾಲಿ ಕುರ್ಚಿ ಉಳಿಯಿತು. ಚರ್ಚೆ ಮುಗಿಯುವವರೆಗೂ ಆ ಕುರ್ಚಿಯನ್ನು ಹಾಗೇ ತೋರಿಸಿದರು.

ಎಲ್ಲ ನಿಂತ ಮೇಲೆ ವಕೀಲರು ಅಜ್ಜನನ್ನು ಕೇಳಿದರು. "ನಾನು ಕೇಳಿದ್ನಾ ಅಣ್ಣಾರೆ?" ಅಜ್ಜ ಗೋಡೆಯ ನೀಲಿ ಬಟ್ಟೆ ಬಿಚ್ಚತೊಡಗಿದರು. "ಬಾಯಾಗೇ ಇತ್ತು... ಹೊರಗೆ ಬೇರೆ ಬಂತು."

ಮರುದಿನ ಅಜ್ಜ ಅವರನ್ನು ಕರೆದುಕೊಂಡು ಹರಿಹರಕ್ಕೆ ಹೋದರು. ಅಂಗಡಿಯ ಬಾಗಿಲಲ್ಲಿ ಅಳಿಯ ನಿಂತಿದ್ದನಂತೆ. ಇವರನ್ನು ಕಂಡು ಒಳಗೆ ಹೋಗಿಬಿಟ್ಟನಂತೆ. ಇಬ್ಬರೂ ಬಂದ ಬಸ್ಸಿಗೇ ತಿರುಗಿ ಬಂದರು. ವಕೀಲರು ಆಮೇಲೆ ಟಿ.ವಿ.ಗೆ ಕೂರಲಿಲ್ಲ. ಮಾತೂ ಕಡಿಮೆಯಾಯಿತು. ವರ್ಷ ತಿರುಗುವುದರೊಳಗೆ, ಒಂದು ಬೆಳಿಗ್ಗೆ, ಹಾಲಿನವನು ಕರೆದರೆ ಬಾಗಿಲು ತೆಗೆಯಲಿಲ್ಲ.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ವಿಭೂತಿ ಬಳಿದು, ಗೋಡೆಗೆ ಒರಗಿಸಿ, ಅವರನ್ನೂ ಕೂರಿಸಿದ್ದರು. ಹರಿಹರದಿಂದ ಎಲ್ಲರೂ ಬಂದರು. ಬೀಗರು ಎದುರಿಗೆ ಕೂತು, "ಈಗ ಮಾತಾಡ್ರಿ ಬೀಗರೆ, ಅಡ್ಡ ಬರೋರು ಯಾರೂ ಇಲ್ಲ" ಎಂದು ಮೆಲ್ಲಗೆ ಅಂದು, ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು. ಅಳಿಯ ಬಾಗಿಲ ಬಳಿ ಹೆಣದ ಕಾಲನ್ನೇ ನೋಡುತ್ತ ನಿಂತಿದ್ದ. ಮಗಳು ಅಪ್ಪನ ಮಡಿಲಲ್ಲಿ ಇರಿಸಿದ್ದ ಕೈಗಳನ್ನು ಹಿಡಿದುಕೊಂಡಿದ್ದಳು. ನನಗೆ ಎಲ್ಲಿಂದ ಧೈರ್ಯ ಬಂತೋ. ಅವಳ ಪಕ್ಕ ಕೂತು ಆ ದಿನ ಕಂಡದ್ದನ್ನು ಹೇಳಿದೆ.

"ನಮಗೆ ಕಾಣಲಿಲ್ಲಲ್ಲ ದೊಡ್ಡಮ್ಮ" ಎಂದಳು.

ಈಗ ಎದುರು ಮನೆಯಲ್ಲಿ ಕೋಚಿಂಗ್ ಕ್ಲಾಸು ನಡೆಯುತ್ತಿದೆ. ಅಜ್ಜನೂ ಇಲ್ಲ. "ತಲೆ ಬಗ್ಗಿಸಿದವನಲ್ಲ" ಎಂದು ಕೂಗುವ ಮುದುಕರ ವಿಡಿಯೋ ತುಣುಕು ನಿಮ್ಮ ಮೊಬೈಲಿಗೂ ಬಂದು, ಮೊನ್ನೆ ನೀವು ನಕ್ಕಿರಲ್ಲ, ಅವರೇ ಇವರು. ನಿಮ್ಮನ್ನು ಬೈಯುವುದಿಲ್ಲ. ನೋಡಿದವರೆಲ್ಲ ನಗುತ್ತಾರೆ. ಅದು ಎಲ್ಲಿಂದಲಾದರೂ ಕೇಳಿದರೆ ನಾನು ಎದ್ದು ಒಳಗೆ ಹೋಗುತ್ತೇನೆ, ಅಷ್ಟೇ.

ವರ್ಷಕ್ಕೊಮ್ಮೆ ಅವಳು ಅಪ್ಪನ ಸಮಾಧಿಗೆ ವಿಭೂತಿ ಇಟ್ಟು, ನಮ್ಮ ಮನೆಗೆ ಬಂದು ಹೋಗುತ್ತಾಳೆ. ಚಹಾ ಕುಡಿಯುತ್ತಾಳೆ, ಅದೂ ಇದೂ ಮಾತಾಡುತ್ತಾಳೆ. ಹೊರಡುವ ಮುಂಚೆ, "ಹೆಂಗಿದ್ವು, ಇನ್ನೊಂದ್ಸಲ ತೋರಿಸು" ಎನ್ನುತ್ತಾಳೆ. ನಾನು ಮಡಿಲಲ್ಲಿ ಕೈ ಮುಗಿದು ತೋರಿಸುತ್ತೇನೆ. ನಿಜ ಹೇಳಬೇಕೆಂದರೆ ಅವರ ಕೈಗಳು ನನಗೆ ಈಗ ನೆನಪಿನಲ್ಲಿ ಅಷ್ಟು ಸರಿಯಾಗಿ ಕಾಣುವುದಿಲ್ಲ. ಬೆರಳು ನೆಟ್ಟಗಿದ್ದವೋ, ಒಂದರೊಳಗೊಂದು ಸಿಕ್ಕಿಕೊಂಡಿದ್ದವೋ... ಪ್ರತಿ ಸಲವೂ ನನ್ನ ಕೈಗಳು ಹೋದ ಸಲಕ್ಕಿಂತ ತುಸು ಹೆಚ್ಚು ಚೆನ್ನಾಗಿ ಮುಗಿದುಕೊಳ್ಳುತ್ತವೆ. ಅವಳು ಅವನ್ನೇ ನೋಡುತ್ತಾಳೆ. ಬೇರೆ ಏನನ್ನೂ ಕೇಳುವುದಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಅವಳು ಎದ್ದು ಹೋದ ಮೇಲೂ ಕೈಗಳನ್ನು ಬಿಡಿಸಲು ನನಗೆ ಮನಸ್ಸಾಗುವುದಿಲ್ಲ.